ಸುರಪುರದ ಗುಡ್ಡದ ಮೇಲೆ ನರುಟೊ

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗಿನಿಂದ ಅಕ್ಕನ ಮಗನದು ಒಂದೇ ಪ್ರಶ್ನೆ: ‘ಮಾಮಾ, ಕೊನೀಗೆ ನರುಟೊ ಗೆಲ್ತಾನೋ, ಸಾಸುಕೆನೋ?’ 720 ಎಪಿಸೋಡ್ ನೋಡಿ ಮುಗಿಸಿದವನು ನಾನು. ಕೊನೆಯ ಕಾಳಗದಲ್ಲಿ ಗೆಳೆಯರಿಬ್ಬರೂ ಒಂದೊಂದು ಕೈ ಕಳೆದುಕೊಂಡು ಪಕ್ಕಪಕ್ಕದಲ್ಲೇ ಬಿದ್ದಿರುತ್ತಾರೆ, ಆಮೇಲೆ ರಾಜಿಯಾಗುತ್ತಾರೆ. ಅವನಿಗೆ ಹೇಳಲಿಲ್ಲ.

ಭೀಮಾ ನದಿ ದಾಟಿ ಶಹಾಪುರ ತಲುಪಿದೆವು. ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲಿನ ಫೋಟೊ ತೆಗೆದು, ಚಹಾ ಕುಡಿದು, ಸುರಪುರದ ಬಸ್ಸು ಹತ್ತಿದೆವು.

ಅಲ್ಲಿ ಗುಡ್ಡದ ಮೇಲಿದೆ ಟೇಲರ್ ಮಂಜಿಲ್. 1841ರಲ್ಲಿ ಸುರಪುರಕ್ಕೆ ಬಂದ ಅಧಿಕಾರಿ ಮೆಡೋಸ್ ಟೇಲರ್‌ನ ಬಂಗಲೆ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಅನ್ನುತ್ತಿದ್ದ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. ಸೆರೆಯಲ್ಲಿ ನೋಡಲು ಹೋದಾಗ ರಾಜ ತನ್ನನ್ನು ಅಪ್ಪಿ ಅತ್ತನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಆದರೆ ಸೆರೆಮನೆಗೆ ಒಯ್ಯುವ ದಾರಿಯಲ್ಲೇ ರಾಜ ಗುಂಡು ತಗುಲಿ ಸತ್ತ.

‘ಆಮ್ಯಾಲ ಇಬ್ಬರೂ ರಾಜಿ ಆದ್ರೇನ್ ಮಾಮಾ?’

‘ಇಲ್ಲಪ್ಪ. ಮುಂದಿನ ಎಪಿಸೋಡ್ ಇರಲಿಲ್ಲ.’

ಕಾರ್ಟೂನಿನ ಹೊಡೆದಾಟಕ್ಕೆ ನಾವು ಕಣ್ಣೀರು ಹಾಕುವುದು ಯಾರು ಬಲಿಷ್ಠ ಅಂತಲ್ಲ. ಎದುರಿಗೆ ನಿಂತವನು ಒಂದು ಕಾಲಕ್ಕೆ ನಮ್ಮವನಾಗಿದ್ದ ಅಂತ. ನನಗೂ ಒಬ್ಬನಿದ್ದ. ನಾಲ್ಕು ವರ್ಷ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೆವು. ಇಬ್ಬರೂ ಕಾದಿದ್ದ ಕೆಲಸ ಅವನಿಗೆ ಸಿಕ್ಕಿತು, ಮಾತು ನಿಂತುಹೋಯಿತು. ಏಳು ವರ್ಷವಾಯಿತು.

ಗುಡ್ಡ ಇಳಿಯುವಾಗ ಫೋನ್ ತೆಗೆದು ಅವನಿಗೆ ಮೆಸೇಜ್ ಹಾಕಿದೆ: ‘ಸುರಪುರದಾಗ ಇದ್ದೀನಿ. ಹೆಂಗಿದ್ದೀಯೋ?’