ಹಳೇ ಕಂಪ್ಯೂಟರು, ಎರಡು ಮನೆ, ಒಂದು ಪಾಲುಪಟ್ಟಿ

ರಾಗಿ ಕಳೆ ತೆಗೆಸಿದ್ದಾಯ್ತು. ಎರಡು ದಿನದಿಂದ ಜಿಟಿಜಿಟಿ ಮಳೆ, ಹೊಲಕ್ಕೆ ಕಾಲಿಡೋ ಹಾಗಿಲ್ಲ. ಅದಕ್ಕೆ ಇವತ್ತು ಬೆಳೆ ವಿಷಯ ಬಿಟ್ಟು ಕಾಗದಪತ್ರದ ವಿಷಯ ಬರೀತಿದ್ದೀನಿ. ಯಲಹಂಕದ ಸುತ್ತಮುತ್ತ ಎರಡು ಮೂರು ಎಕರೆ ಉಳಿಸ್ಕೊಂಡಿರೋ ನಮ್ಮಂಥವರಿಗೆ ಬೆಳೆಗಿಂತ ಕಾಗದವೇ ಹೆಚ್ಚು ನಿದ್ದೆ ಕೆಡಿಸೋದು, ನಿಮಗೂ ಗೊತ್ತು.

ಅಪ್ಪ ತೀರ್ಕೊಂಡ ಮೇಲೆ ಅಣ್ಣನೂ ನಾನೂ ಪಾಲಾದ್ವಿ. ಮನೆ ಅಕ್ಕಪಕ್ಕ, ಬೋರ್‌ವೆಲ್ ಒಂದೇ. ಹಿರಿಯರನ್ನ ಕೂರಿಸಿ ಬರೆಸಿದ ಪಾಲುಪಟ್ಟಿ ಅಣ್ಣನ ಮರದ ಪೆಟ್ಟಿಗೇಲಿ, ಅಪ್ಪನ ಕಾಲದ ಕ್ರಯಪತ್ರ, ಕಂದಾಯ ರಸೀದಿ ನನ್ನ ಬೀರುವಲ್ಲಿ. ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಬೇಕು ಅಂದ್ರೆ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗ್ಬೇಕು. ಮಾತು ಚೆನ್ನಾಗಿದ್ರೆ ಸರಿ, ಕೆಟ್ಟಿದ್ರೆ ಕೆಲಸ ತಿಂಗಳುಗಟ್ಟಲೆ ನಿಲ್ತಿತ್ತು. ಒಂದು ಮಳೆಗಾಲ ಪೆಟ್ಟಿಗೆಗೆ ಗೆದ್ದಲು ಹತ್ತಿ ಪಾಲುಪಟ್ಟಿಯ ಅಂಚು ಹೋಯ್ತು. ಆಗ ಇಬ್ಬರಿಗೂ ಭಯ ಆಗಿ, ಎಲ್ಲಾ ಸ್ಕ್ಯಾನ್ ಮಾಡಿಸಿ ಒಂದೇ ಕಡೆ ಇಡೋಣ ಅಂತ ಒಪ್ಪಿದ್ವಿ.

ಒಂದೇ ಕಡೆ ಅಂದ್ರೆ ಎಲ್ಲಿ? ಅಣ್ಣನ ಮಗನದ್ದು ವಿಂಡೋಸ್, ನನ್ನ ಮಗಳದ್ದು ಆಪಲ್ ಮ್ಯಾಕ್, ಅಣ್ಣನೂ ನಾನೂ ಆಂಡ್ರಾಯ್ಡ್ ಫೋನಿನವರು. ಮೂಲೇಲಿ ಧೂಳು ಹಿಡಿದು ಬಿದ್ದಿದ್ದ ಹಳೇ ಕಂಪ್ಯೂಟರಿಗೆ ಮಗಳು ಉಬುಂಟು ಲಿನಕ್ಸ್ ಹಾಕಿ, ಅದರ ಮೇಲೆ ಸಾಂಬಾ ಅನ್ನೋ ತಂತ್ರಾಂಶ ಕೂರಿಸಿದ್ಲು. ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಸಾಂಬಾ ಅಂದ್ರೆ ನಮ್ಮ ಸಾಂಬಶಿವ ಅಲ್ಲ. ವಿಂಡೋಸ್ ಯಂತ್ರಗಳು ಒಂದರಿಂದ ಒಂದು ಫೈಲು ಕೇಳಿ ಪಡೆಯೋ ಭಾಷೆಗೆ ಎಸ್‌ಎಂಬಿ ಅಂತಾರೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅನ್ನೋರು 1992ರ ಸುಮಾರಿಗೆ, ಯಂತ್ರಗಳ ನಡುವೆ ಹೋಗಿಬರೋ ಮಾತನ್ನ ಕೂತು ಗಮನಿಸಿ, ಬೇರೆ ಜಾತಿಯ ಕಂಪ್ಯೂಟರೂ ಈ ಭಾಷೆ ಆಡೋ ಹಾಗೆ ಮಾಡಿದ್ರು. ಎಸ್, ಎಂ, ಬಿ ಮೂರೂ ಅಕ್ಷರ ಇರೋ ಪದ ಹುಡುಕಿದಾಗ ಸಾಂಬಾ ಅನ್ನೋ ಹೆಸರು ಸಿಕ್ತಂತೆ.

ಕೂರಿಸೋಕೆ ಅರ್ಧ ದಿನ ಹಿಡೀತು. ನಮಗೆ ತೊಡಕಾಗಿದ್ದನ್ನ ಹೇಳ್ತೀನಿ, ನಿಮಗೆ ಸಮಯ ಉಳಿಯುತ್ತೆ.

ಮೊದಲನೇದು, ಲಿನಕ್ಸಿನ ಪಾಸ್‌ವರ್ಡೇ ಬೇರೆ, ಸಾಂಬಾ ಪಾಸ್‌ವರ್ಡೇ ಬೇರೆ. ಎರಡನೇದನ್ನ ಪ್ರತ್ಯೇಕವಾಗಿ ಕೊಡ್ಬೇಕು. ಕೊಡದೆ ಒಂದು ಗಂಟೆ ತಲೆ ಚಚ್ಚಿಕೊಂಡ್ವಿ. ಪಾಸ್‌ವರ್ಡೇ ಬೇಡ, ಎಲ್ಲರಿಗೂ ತೆರೆದಿಡೋಣ ಅಂದ್ರೆ ಹೊಸ ವಿಂಡೋಸ್ ಸಾಮಾನ್ಯವಾಗಿ ಒಪ್ಪಲ್ಲ, ಒಪ್ಪಿಸೋಕೂ ಹೋಗ್ಬೇಡಿ. ಎಸ್‌ಎಂಬಿಯ ಹಳೇ ಮೊದಲನೇ ಆವೃತ್ತಿ ಚಾಲೂ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. 2017ರ ಮೇ ತಿಂಗಳಲ್ಲಿ ಪ್ರಪಂಚಾನೇ ಅಲ್ಲಾಡಿಸಿದ ವನ್ನಾಕ್ರೈ ವೈರಸ್ಸು ಹರಡಿದ್ದು ಅದರೊಳಗಿನ ಬಿರುಕಿಂದಲೇ.

ಎರಡನೇದು, ಹಳೇ ಕಂಪ್ಯೂಟರಿನ ವಿಳಾಸ ಬದಲಾಗದ ಹಾಗೆ ರೂಟರಿನಲ್ಲಿ ಕಟ್ಟಿಹಾಕಿ. ಇಲ್ಲಾಂದ್ರೆ ಕರೆಂಟ್ ಹೋಗಿ ಬಂದಾಗ ನಂಬರ್ ಬದಲಾಗಿ, ಸರ್ವರ್ ಕಾಣಿಸ್ತಿಲ್ಲ ಅಂತ ಎರಡೂ ಮನೇಲಿ ಗಲಾಟೆ.

ಮೂರನೇದು ನಮ್ಮ ರೈತರದ್ದೇ ತೊಂದರೆ. ಸರ್ವೆ ನಂಬರ್ 47/2 ಅಂತ ಫೈಲಿಗೆ ಹೆಸರಿಡೋಕೆ ಹೋದೆ. ಅಡ್ಡಗೀಟು ಫೈಲ್ ಹೆಸರಲ್ಲಿ ನಡೆಯಲ್ಲ. ಎರಡು ಚುಕ್ಕಿ ಹಾಕಿದ್ರೆ ಲಿನಕ್ಸ್ ಒಪ್ಪುತ್ತೆ, ವಿಂಡೋಸಿನಲ್ಲಿ ಅದೇ ಫೈಲು ಏನೇನೋ ಹೆಸರಲ್ಲಿ ಕಾಣುತ್ತೆ. ಈಗ ನಾವು 47-2 ಅಂತ ಬರೀತೀವಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಅರ್ಜಿಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಬರೀ ಇಂಗ್ಲಿಷ್ ಕಸದ ಹಾಗೆ ತೆರೆದುಕೊಂಡ್ವು. ಅವನ್ನೆಲ್ಲ ಪಿಡಿಎಫ್ ಮಾಡಿ ಇಟ್ವಿ.

ಇಷ್ಟಾದ ಮೇಲೆ ಒಂದು ವರ್ಷ ಸುಖವಾಗಿತ್ತು. ಬೋರ್‌ವೆಲ್ ಪಾಳಿ, ಹಾಲಿನ ಲೆಕ್ಕ, ಎಲ್ಲಾ ಅದರಲ್ಲೇ ಬರ್ಕೊಳ್ತಿದ್ವಿ. ಅಣ್ಣ ಜಗಲಿ ಮೇಲೆ ಕೂತು ಫೋನಿನಲ್ಲೇ ಕ್ರಯಪತ್ರ ಓದೋನು. ಮಧ್ಯೆ ಮತ್ತೆ ಮಳೆಗಾಲ ಬಂತು, ಪಾಲುಪಟ್ಟಿಯ ಎರಡನೇ ಹಾಳೆ ಗೆದ್ದಲಿಗೆ ಪೂರ್ತಿ ಹೋಯ್ತು. ಅದು ರಿಜಿಸ್ಟರ್ ಆಗಿದ್ದ ಪತ್ರ ಅಲ್ಲ, ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನನ್ನ ಹತ್ರ ಸ್ಕ್ಯಾನ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ.

ಒಂದು ಸಂಜೆ ಹಾಲು ಹಾಕಿ ಬರ್ತಿದ್ದೆ. ಅಣ್ಣ ಬೇಲಿ ಹತ್ರ ನಿಂತಿದ್ದ. "ಏನೋ, ಪಾಲುಪಟ್ಟಿ ತೆಗೆದು ಹಾಕಿದ್ದೀಯಲ್ಲ?" ಅಂದ. ನನಗೆ ಅರ್ಥವೇ ಆಗಲಿಲ್ಲ. ಒಳಗೆ ಹೋಗಿ ನೋಡಿದ್ರೆ ದಾಖಲೆ ಫೋಲ್ಡರೇ ಇಲ್ಲ. ಯಂತ್ರ ನನ್ನ ಮನೇಲಿದೆ, ಅಳಿಸಿದವನು ನಾನೇ ಅಂತ ಅವನ ಲೆಕ್ಕ. ಹತ್ತು ವರ್ಷದ ಹಿಂದಿನ ಬದುವಿನ ಜಗಳದಿಂದ ಹಿಡಿದು ಎಲ್ಲಾ ಆಚೆ ಬಂತು. ನಾನೂ ಸುಮ್ಮನಿರಲಿಲ್ಲ, ಆಡಬಾರದ್ದು ಆಡಿದೆ.

ರಾತ್ರಿ ಒಂಬತ್ತಕ್ಕೆ ಅಣ್ಣನ ಮಗ ಬಂದು ಬಾಗಿಲಲ್ಲಿ ನಿಂತ. "ಚಿಕ್ಕಪ್ಪ, ನನ್ನ ಫೋನಲ್ಲಿ ಜಾಗ ತುಂಬಿತ್ತು. ನನ್ನದರಲ್ಲಿ ಮಾತ್ರ ಹೋಗುತ್ತೆ ಅನ್ಕೊಂಡು ಅಳಿಸಿದೆ." ಅವನಿಗೆ ಬೈಯೋಕೆ ಬಾಯಿ ಬರಲಿಲ್ಲ. ಫೋನಲ್ಲಿ ಕಾಣೋ ಆ ಫೋಲ್ಡರು ಫೋನಿನದ್ದಲ್ಲ, ಸರ್ವರಿನದ್ದು ಅಂತ ಅವನಿಗೆ ನಾವು ಯಾರೂ ಹೇಳಿರಲಿಲ್ಲ. ಹೀಗೆ ನೆಟ್‌ವರ್ಕಿನ ಮೇಲೆ ಅಳಿಸಿದ್ದು ಕಸದ ಬುಟ್ಟಿಗೂ ಬರಲ್ಲ, ನೇರ ಹೋಗಿಬಿಡುತ್ತೆ.

ಮಗಳು ಇಪ್ಪತ್ತು ದಿನದ ಹಿಂದೆ ಪೆನ್‌ಡ್ರೈವಿಗೆ ಎಲ್ಲಾ ತುಂಬಿಕೊಂಡಿದ್ಲು. ಪಾಲುಪಟ್ಟಿ ಸಿಕ್ತು. ಇಪ್ಪತ್ತು ದಿನದೊಳಗೆ ಸ್ಕ್ಯಾನ್ ಮಾಡಿಟ್ಟಿದ್ದ ರಸೀದಿಗಳು ಹೋದ್ವು. ಅಂಗಡಿಯವರಿಗೆ ಕಾಡಿ ಕೆಲವಕ್ಕೆ ಮತ್ತೆ ಪ್ರತಿ ಬರೆಸ್ಕೊಂಡೆ, ಕೆಲವು ಸಿಗಲೇ ಇಲ್ಲ.

ತಪ್ಪು ನನ್ನದು. ಮೂರು ಥರದ ಯಂತ್ರ ಒಂದಕ್ಕೊಂದು ಮಾತಾಡೋ ಹಾಗೆ ಮಾಡಿ ಖುಷಿಪಟ್ಟೆ. ಯಾರು ಓದಬಹುದು, ಯಾರು ಅಳಿಸಬಹುದು ಅಂತ ಕೇಳ್ಕೊಳ್ಳಲೇ ಇಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಪಹಣಿ ಯಾರು ಬೇಕಾದ್ರೂ ಪಡೀಬಹುದು, ಆದ್ರೆ ತಿದ್ದೋ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗ್ಬೇಕು ಅಂತ ಮಾಡಿದ್ರು. ಅದನ್ನ ನೋಡಿದ್ದ ನಾನೇ ನಮ್ಮನೇಲಿ ಎಲ್ಲರ ಕೈಗೂ ರಬ್ಬರ್ ಕೊಟ್ಟಿದ್ದೆ.

ಈಗ ಎರಡು ಫೋಲ್ಡರ್ ಮಾಡಿದ್ದೀವಿ. ದಾಖಲೆ ಅನ್ನೋದು ಎಲ್ಲರಿಗೂ ಓದೋಕೆ ಮಾತ್ರ, ಸೇರಿಸೋ ಹಕ್ಕು ಅಣ್ಣನಿಗೆ ಮತ್ತು ನನಗೆ. ಲೆಕ್ಕ ಅನ್ನೋದು ಎಲ್ಲರೂ ಬರೆಯೋಕೆ. ಸಾಂಬಾದಲ್ಲೇ ರಿಸೈಕಲ್ ಅನ್ನೋ ಸೌಲಭ್ಯ ಇದೆ, ಅದನ್ನ ಚಾಲೂ ಮಾಡಿದ್ರೆ ಅಳಿಸಿದ್ದು ಒಂದು ಬುಟ್ಟೀಲಿ ಉಳಿಯುತ್ತೆ. ಪ್ರತಿ ಭಾನುವಾರ ಒಂದು ಹಾರ್ಡ್ ಡಿಸ್ಕಿಗೆ ಪ್ರತಿ ತೆಗೀತೀವಿ. ಅದನ್ನ ಎಕ್ಸ್‌ಫ್ಯಾಟ್ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿರೋದ್ರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೆರೆಯುತ್ತೆ. ಆ ಡಿಸ್ಕ್ ಇರೋದು ಅಣ್ಣನ ಮನೇಲಿ. ಅದು ನಾನೇ ಕೇಳಿ ಕೊಟ್ಟಿದ್ದು.

ಅವತ್ತು ಆಡಿದ ಮಾತಿಗೆ ಯಾವ ಬುಟ್ಟಿಯೂ ಇಲ್ಲ. ಆದ್ರೆ ಭಾನುವಾರ ಬೆಳಗ್ಗೆ ಅಣ್ಣ ಡಿಸ್ಕನ್ನ ಟವೆಲಿನಲ್ಲಿ ಸುತ್ತಿಕೊಂಡು ಬರ್ತಾನೆ, ಪ್ರತಿ ಆಗೋವರೆಗೆ ಕೂತು ಕಾಫಿ ಕುಡಿದು ಹೋಗ್ತಾನೆ.

ಪಾಲಾದ ಮನೆಯವರು ಯಾರಾದ್ರೂ ಇದನ್ನ ಮಾಡೋದಾದ್ರೆ ಮೊದಲು ಕೂತು ಹಕ್ಕಿನ ಪಟ್ಟಿ ಬರೀರಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿ. ಕಲೀಬೇಕು ಅನ್ನೋರು ಭಾನುವಾರ ಬನ್ನಿ, ಮಗಳೂ ಮನೇಲಿರ್ತಾಳೆ. ಮಳೆ ಬಿಟ್ರೆ ಮುಂದಿನ ವಾರ ರಾಗಿ ಮೇಲುಗೊಬ್ಬರದ ಬಗ್ಗೆ ಬರೀತೀನಿ.