ಮಂಗಳ ಬಂತು, ಮಹಾಳಿ ಹೋಗಲಿಲ್ಲ

ನನ್ನ ಬಾಲ್ಯದಲ್ಲಿ ಪೊಳಲಿ ಸುತ್ತಿನ ಅಡಿಕೆ ತೋಟಗಳಲ್ಲಿ ಆಟಿ ತಿಂಗಳೆಂದರೆ ಮಹಾಳಿ ರೋಗದ ಭಯ. ತೊಟ್ಟಿನ ಬುಡದಲ್ಲಿ ನೀರು ಕುಡಿದಂಥ ಕಡುಹಸಿರು ಮಚ್ಚೆ ಕಾಣಿಸಿದರೆ ಮುಗಿಯಿತು, ಕಾಯಿ ಹೊಳಪು ಕಳೆದುಕೊಂಡು ಉದುರುತ್ತಿತ್ತು. ಬಿದ್ದದ್ದರ ಮೇಲೆ ಬಿಳಿ ಬೂಸ್ಟು. ಮಳೆಯ ನಡುವೆ ಬಿಸಿಲು ಇಣುಕಿದರೆ ಇನ್ನಷ್ಟು ಜೋರು.

ಆಗ ಇದ್ದ ಮದ್ದು ಬೋರ್ಡೋ ಒಂದೇ. ಮೈಲುತುತ್ತು, ಸುಣ್ಣ ಬೇರೆಬೇರೆ ಕರಗಿಸಿ ಬೆರೆಸಿದ ಮೇಲೆ ಅಜ್ಜ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಆಮೇಲೆಯೇ ಮದ್ದು ಬಿಡುವವರು ತಳೆ ಹಾಕಿ ಮರ ಹತ್ತುವುದು. ಈಗ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಮದ್ದು ಬಿಡಬಹುದು. ಮದ್ದು ಮಾತ್ರ ಅದೇ: 100 ಲೀಟರ್ ನೀರಿಗೆ 1 ಕಿಲೊ ತುತ್ತು, 1 ಕಿಲೊ ಸುಣ್ಣ.

ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ನಮ್ಮ ತಾಲೂಕಿನ ವಿಟ್ಲದಲ್ಲೇ ಅಡಿಕೆ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ. ಚೀನಾ ಮೂಲದ ‘ಮಂಗಳ’ ತಳಿ 1972ರಲ್ಲಿ ಬಿಡುಗಡೆಯಾಯಿತು. ಬೇಗ ಫಸಲು, ಒಳ್ಳೆಯ ಇಳುವರಿ. ಅಪ್ಪ ಖುಷಿಯಿಂದಲೇ ನೆಟ್ಟರು. ಮಹಾಳಿ ಅದನ್ನೂ ಬಿಡಲಿಲ್ಲ. ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಬಂದವು. ಎಲ್ಲವೂ ಇಳುವರಿಯ ತಳಿಗಳೇ. ಮಹಾಳಿಗೆ ಬಗ್ಗದ ತಳಿ ಇವತ್ತಿಗೂ ಬಂದಿಲ್ಲ. ಕೆಲಸ ಸುಲಭದ್ದಲ್ಲ, ಒಪ್ಪುತ್ತೇನೆ. ಅಡಿಕೆ ಪರಪರಾಗಸ್ಪರ್ಶದ ಮರ, ಬೀಜದಿಂದ ಹುಟ್ಟಿದ್ದು ತಾಯಿಯಂತೆಯೇ ಇರುವುದಿಲ್ಲ. ಒಂದೊಂದು ತಲೆಮಾರು ಕಾಯಿ ಬಿಡಲು ವರ್ಷಗಟ್ಟಲೆ ಕಾಯಬೇಕು. ಆದರೂ ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿರುವಾಗ, ಇನ್ನು ಮುಂದಿನ ತಳಿಯಲ್ಲಿ ಮೊದಲು ನೋಡಬೇಕಾದದ್ದು ರೋಗ ತಡೆಯುವ ಶಕ್ತಿಯನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಮರಕ್ಕೆ ಹಬ್ಬಿದ ಕರಿಮೆಣಸಿನ ಕತೆ ಸ್ವಲ್ಪ ಬೇರೆ. ಕೇರಳದ ಪಣಿಯೂರು-1 ಹೈಬ್ರಿಡ್ ಉದ್ದುದ್ದ ಗೊನೆ ಕೊಟ್ಟಿತು, ಸೊರಗು ರೋಗಕ್ಕೆ ಬುಡಸಮೇತ ಸತ್ತಿತು. ಎರಡೂ ಬೆಳೆಗೆ ಶತ್ರು ಒಂದೇ ಕುಲದ್ದು, ಫೈಟೋಫ್ತೊರಾ. ಕೋಯಿಕ್ಕೋಡಿನ ಸಂಬಾರ ಬೆಳೆ ಸಂಸ್ಥೆ ರೋಗ ಸಹಿಸುವ ‘ಶಕ್ತಿ’ ತಳಿಯನ್ನು ಆರಿಸಿ ಕೊಟ್ಟಿತು. ರೈತರ ಕೈಹಿಡಿದ ಇನ್ನೊಂದು ದಾರಿ ದಕ್ಷಿಣ ಅಮೆರಿಕದ ಹಿಪ್ಪಲಿ: ಬೇರು ಅದರದ್ದು, ಬಳ್ಳಿ ನಮ್ಮದು. ಕೆಳಗಿನ ತೋಟದಲ್ಲಿ ಕಸಿ ಬಳ್ಳಿಗಳು ಚೆನ್ನಾಗಿವೆ. ಆದರೆ ಆ ಬೇರು ಬೇಸಿಗೆಯ ಒಣಗು ತಾಳದು. ನೀರು ಏರದ ಗುಡ್ಡದ ಬದಿಯಲ್ಲಿ ಹಳೆಯ ಬಳ್ಳಿಗಳನ್ನೇ ಉಳಿಸಿಕೊಂಡು, ಅಡಿಕೆಗೆ ಬಿಡುವ ದಿನವೇ ಅವಕ್ಕೂ ಬೋರ್ಡೋ ಬಿಡುತ್ತೇವೆ.