ನೂರಾ ಹತ್ತರ ತಂತಿ

‘ಗಿಟಾರಿಗೆ ಆರು ತಂತಿ ಇರ್ತವಲ್ಲ, ಇನ್ನೆರಡು ಎಲ್ಲಿ ಹೋದ್ವು?’ ಹಾಸ್ಟೆಲ್ ಸೇರಿದ ಮೊದಲ ವಾರ ಮೆಸ್ಸಿನ ಅಡುಗೆಯಣ್ಣ ಕೇಳಿದ್ದ. ಇದು ಬೇಸ್ ಗಿಟಾರ್, ಇದಕ್ಕೆ ನಾಲ್ಕೇ ಅಂದೆ. ‘ಹಂಗಾದ್ರೆ ಕಡಿಮೆಗೆ ಸಿಕ್ಕಿರಬೇಕು’ ಅಂದ. ಬೇಸಿನ ಒಂದು ಸೆಟ್ ತಂತಿಯ ದುಡ್ಡಿನಲ್ಲಿ ಮಾಮೂಲಿ ಗಿಟಾರಿಗೆ ಮೂರು ಸೆಟ್ ಬರುತ್ತವೆ ಎಂದು ಅವನಿಗೆ ಹೇಳುವ ಧೈರ್ಯವಾಗಲಿಲ್ಲ.

ದುಬಾರಿಗೆ ಕಾರಣ ಕಣ್ಣಿಗೇ ಕಾಣುತ್ತದೆ. ಬೇಸಿನ ಅತಿ ದಪ್ಪ ತಂತಿ, ಅಂದರೆ ‘ಇ’ ತಂತಿ, ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸಬೇಕು. ಅಷ್ಟು ನಿಧಾನಕ್ಕೆ ಕಂಪಿಸಬೇಕಾದರೆ ಮೈಯಲ್ಲಿ ತೂಕವಿರಬೇಕು. ಹಾಗಂತ ಒಂದೇ ಉಕ್ಕಿನ ಎಳೆಯನ್ನು ದಪ್ಪ ಮಾಡುತ್ತ ಹೋದರೆ ಅದು ತಂತಿಯಾಗಿ ಉಳಿಯದೆ ಸರಳಾಗಿ ಸೆಟೆದು ಅಪಸ್ವರ ಕೊಡುತ್ತದೆ. ಅದಕ್ಕೇ ನಡುವೆ ತೆಳ್ಳನೆಯ ಉಕ್ಕಿನ ಎಳೆ ಇಟ್ಟು, ಅದರ ಮೇಲೆ ಬೇರೆ ಎಳೆಗಳನ್ನು ಒತ್ತಾಗಿ ಸುತ್ತುತ್ತಾರೆ. ಸುತ್ತುವ ಎಳೆ ದುಂಡಗಿದ್ದರೆ ರೌಂಡ್‌ವೌಂಡ್. ಮುಟ್ಟಿದರೆ ಅರದ ಹಾಗೆ ತರಿತರಿ, ಸದ್ದು ಖಣಖಣ. ಚಪ್ಪಟೆ ಪಟ್ಟಿಯಾದರೆ ಫ್ಲಾಟ್‌ವೌಂಡ್. ಮುಟ್ಟಿದರೆ ನುಣುಪು, ಸದ್ದು ತುಂಬಿಕೊಂಡು ಬಂದು ಬೇಗ ಆರಿಹೋಗುವಂಥದ್ದು. ಎಳೆ ದುಂಡಗಿದ್ದರೆ ಸದ್ದು ಚೂಪು, ಎಳೆ ಚಪ್ಪಟೆಯಾದರೆ ಸದ್ದು ದುಂಡು. ಈ ತಿರುವುಮುರುವು ನನಗೆ ಈಗಲೂ ಮಜ ಅನ್ನಿಸುತ್ತದೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ ಚಪ್ಪಟೆ ಸುತ್ತಿನದೇ ಕಾಲ. 1966ರಲ್ಲಿ ‘ದ ಹೂ’ ತಂಡದ ಜಾನ್ ಎಂಟ್‌ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಜೊತೆ ಕೂತು ದುಂಡು ಸುತ್ತಿನ ತಂತಿಯನ್ನು ಹದ ಮಾಡಿಸಿಕೊಂಡ ಮೇಲೆ ರಾಕ್ ಸಂಗೀತದಲ್ಲಿ ಬೇಸು ಹಿಂದಿನ ಬೆಂಚಿನಿಂದ ಎದ್ದುನಿಂತು ಮಾತಾಡತೊಡಗಿತು. ನಾನು ಕೊಂಡ ಸೆಕೆಂಡ್‌ಹ್ಯಾಂಡ್ ಬೇಸಿನಲ್ಲೂ ಅಂಥವೇ ಇದ್ದವು. ಎರಡು ವರ್ಷ ಅದರಲ್ಲೇ ಸುಖವಾಗಿದ್ದೆ.

ಸುಖ ಕೆಟ್ಟಿದ್ದು ಥೀಸಿಸ್ಸಿನಿಂದ. ನನ್ನದು ಜನಪದ ಕಥನಗಳ ಮೇಲಿನ ಸಂಶೋಧನೆ. ಊರೂರು ಸುತ್ತಿ ಧ್ವನಿಮುದ್ರಿಸಿಕೊಂಡು ಬಂದದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಕ್ಷರಕ್ಕಿಳಿಸಬೇಕು. ಒಂದು ಗಂಟೆಯ ಮಾತಿಗೆ ಏಳೆಂಟು ಗಂಟೆ ಟೈಪಿಂಗ್. ನಡುವೆ ತಲೆ ಕೆಟ್ಟಾಗ ಅದೇ ಹೆಡ್‌ಫೋನಿನಲ್ಲಿ ಅರವತ್ತರ ದಶಕದ ಮೋಟೌನ್ ಹಾಡುಗಳನ್ನು ಕೇಳುತ್ತಿದ್ದೆ. ಹಾಡುವವರು ಯಾರೇ ಆಗಲಿ, ಕೆಳಗೆ ಒಬ್ಬನೇ ಮನುಷ್ಯ ಓಡಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಅವರೇ ಜೇಮ್ಸ್ ಜೇಮರ್ಸನ್. ಡೆಟ್ರಾಯಿಟ್‌ನ ಆ ಸ್ಟುಡಿಯೋದಲ್ಲಿ ಸಾಲುಸಾಲಾಗಿ ಹಿಟ್ ಹಾಡುಗಳಿಗೆ ಬಾರಿಸಿದವರು. ಅಲ್ಲಿ ವಾದ್ಯಗಾರರ ಹೆಸರನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ಮೋಟೌನಿನ ದೊಡ್ಡ ಆಲ್ಬಮ್ಮೊಂದರ ಮೇಲೆ ಅವರ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ. ನಿರೂಪಕಿಯ ಹೆಸರಿಲ್ಲದ ಕಥೆಗಳನ್ನು ದಿನವಿಡೀ ಟೈಪು ಮಾಡುವವನಿಗೆ ಇದು ಯಾಕೆ ತಾಗಿತು ಎಂದು ಬೇರೆ ಹೇಳಬೇಕಿಲ್ಲ.

ಜೇಮರ್ಸನ್ ಹಾಕುತ್ತಿದ್ದದ್ದು ಲಾ ಬೆಲ್ಲಾ ಫ್ಲಾಟ್‌ವೌಂಡ್. ಅಳತೆ 52ರಿಂದ 110. ಅಂದರೆ ಅತಿ ತೆಳು ತಂತಿ ಅಂಗುಲದ ಸಾವಿರದಲ್ಲಿ 52 ಪಾಲು, ಅತಿ ದಪ್ಪದ್ದು 110 ಪಾಲು, ಹೆಚ್ಚುಕಡಿಮೆ 2.8 ಮಿಲಿಮೀಟರ್. ಸಾಮಾನ್ಯವಾಗಿ ಸಿಗುವ ಸೆಟ್ಟು 45ರಿಂದ 105. ತಂತಿ ಹರಿಯುವವರೆಗೆ ಅವರು ಬದಲಾಯಿಸುತ್ತಿರಲಿಲ್ಲವಂತೆ. ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ನಾನೂ ಅದೇ ಅಳತೆಯ ಫ್ಲಾಟ್‌ವೌಂಡ್ ತರಿಸಲು ನಿರ್ಧರಿಸಿದೆ. ಏಳು ತಿಂಗಳ ಫೆಲೋಶಿಪ್ ಬಾಕಿ ಒಟ್ಟಿಗೆ ಬಂದ ವಾರ ಅದು. ಅಂಥ ವಾರದಲ್ಲಿ ಸಂಶೋಧನಾ ವಿದ್ಯಾರ್ಥಿ ಯಾವ ನಿರ್ಧಾರವನ್ನೂ ಮಾಡಬಾರದು.

110ರ ತಂತಿ ಬೇಸಿನ ತಲೆಯ ಹತ್ತಿರದ ಗೀರಿನಲ್ಲಿ ಕೂರಲೇ ಇಲ್ಲ. ರಿಪೇರಿಯವರ ಹತ್ತಿರ ಒಯ್ದೆ. ‘ಗೀರು ಅಗಲ ಮಾಡಬಹುದು, ಆಮೇಲೆ ಕಿರಿದು ಮಾಡಕ್ಕಾಗಲ್ಲ, ಯೋಚನೆ ಮಾಡಿ’ ಅಂದರು. ಮಾಡಲಿಲ್ಲ, ಅರ ಹಾಕಿಸಿದೆ.

ಆದರೆ ಆ ಸದ್ದು! ಮೊದಲ ರಾತ್ರಿ ದೀಪ ಆರಿಸಿ ಒಂದೇ ಸ್ವರವನ್ನು ಎಷ್ಟೋ ಹೊತ್ತು ನುಡಿಸುತ್ತ ಕೂತಿದ್ದೆ. ಒದ್ದೆ ಮಣ್ಣಿನ ಮೇಲೆ ತೆಂಗಿನಕಾಯಿ ಬಿದ್ದ ಹಾಗೆ, ಧಮ್ಮನೆ ಬಂದು ಅಲ್ಲೇ ಕೂರುವ ಸದ್ದು. ಶನಿವಾರ ಸಂಜೆ ನಾವು ಮೂವರು ಸೇರುತ್ತೇವೆ. ಗೆಳತಿ ಹಾಡುತ್ತಾಳೆ, ಇನ್ನೊಬ್ಬ ಕಹೋನ್ ಬಡಿಯುತ್ತಾನೆ. ಅವಳು ಮೊದಲ ಸಲ, ‘ಇವತ್ತು ನಿನ್ನ ಮೇಲೆ ನಿಂತುಕೊಂಡು ಹಾಡಿದಂಗಾಯ್ತು ನೋಡು’ ಅಂದಳು. ಆ ಮಾತಿನ ಗುಂಗಿನಲ್ಲಿ ವಾರಗಟ್ಟಲೆ ದಿನಕ್ಕೆರಡು ತಾಸು ನುಡಿಸಿದೆ.

ಎಡಗೈಯ ಹೆಬ್ಬೆರಳ ಬುಡದಲ್ಲಿ ನೋವು ಶುರುವಾದಾಗ ಟೈಪಿಂಗ್‌ನ ಮೇಲೆ ಹಾಕಿದೆ. ಚೊಂಬು ಎತ್ತಲಾಗದೆ ಕೈ ಸೋತ ದಿನ ಡಾಕ್ಟರ ಹತ್ತಿರ ಹೋದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಗ್ಗಿಸಿದರು. ಕೂಗಿಕೊಂಡೆ. ಹೆಬ್ಬೆರಳನ್ನು ಆಡಿಸುವ ಸ್ನಾಯುರಜ್ಜುಗಳ ಸುತ್ತಣ ಪೊರೆ ಊದಿಕೊಂಡಿದೆ ಎಂದರು. ಪಟ್ಟಿ ಕಟ್ಟಿ, ವಿಶ್ರಾಂತಿ ಹೇಳಿ, ‘ಟೈಪಿಂಗ್ ಬಿಡೋಕಾಗಲ್ಲ ಅಂತೀರಿ. ಹಾಗಾದ್ರೆ ಇದನ್ನ ಬಿಡ್ತೀರಾ?’ ಎಂದು ನುಡಿಸುವ ಅಭಿನಯ ಮಾಡಿ ತೋರಿಸಿದರು. ಮಾಮೂಲಿ ಗಿಟಾರಿನ ಅಭಿನಯ ಅದು. ತಿದ್ದಲು ಹೋಗಲಿಲ್ಲ.

ಆರು ವಾರ ಬೇಸು ಗೋಡೆಗೆ ಒರಗಿ ನಿಂತಿತ್ತು. ಆ ವಾರಗಳಲ್ಲಿ ನನಗೆ ಲೆಕ್ಕ ತಿಳಿಯಿತು. ಉದ್ದ ಅಷ್ಟೇ, ಶ್ರುತಿ ಅದೇ ಎಂದಾದರೆ, ತಂತಿಯ ಬಿಗಿತ ಅದರ ತೂಕಕ್ಕೆ ತಕ್ಕಂತೆ ಏರುತ್ತದೆ. 17ನೇ ಶತಮಾನದಲ್ಲೇ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ ಬರೆದಿಟ್ಟ ನಿಯಮ. ತೂಕವೋ ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತದೆ. 110ರಿಂದ 95ಕ್ಕೆ ಇಳಿದರೆ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ, ಬಿಗಿತ ಮಾತ್ರ ಅಂದಾಜು ಕಾಲುಭಾಗ ಇಳಿಯುತ್ತದೆ. ಸಾಮಾನ್ಯ ಸೆಟ್ಟಿನಲ್ಲೇ ನಾಲ್ಕೂ ತಂತಿಗಳ ಎಳೆತ ಸೇರಿ 70-80 ಕಿಲೋ ಆಗುತ್ತದೆ. ನಾನು ಅದಕ್ಕಿಂತ ಹೆಚ್ಚಿನದರ ಜೊತೆ ಗುದ್ದಾಡುತ್ತಿದ್ದೆ. ಜೇಮರ್ಸನ್ ಡಬಲ್ ಬೇಸ್‌ನಿಂದ ಬಂದವರು, ಆಳೆತ್ತರದ ಆ ವಾದ್ಯದಲ್ಲಿ ಪಳಗಿದ ಕೈ ಅವರದು. ನನ್ನದು ಕೀಬೋರ್ಡಿನಲ್ಲಿ ಪಳಗಿದ್ದು. ಇಷ್ಟು ಸರಳ ವಿಷಯ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಕಡಿಮೆ ಬಿಗಿತದ ಫ್ಲಾಟ್‌ವೌಂಡ್‌ಗಳೂ ಇವೆ. ಆಸ್ಟ್ರಿಯಾದ ಥೋಮಾಸ್ಟಿಕ್‌ನವರದು ಅದಕ್ಕೇ ಹೆಸರುವಾಸಿ. ಬೆಲೆ ನೋಡಿ ಮುಚ್ಚಿಟ್ಟೆ. ಕೊನೆಗೆ 40ರಿಂದ 95ರ ನಿಕಲ್ ಲೇಪನದ ಮಾಮೂಲಿ ರೌಂಡ್‌ವೌಂಡ್ ತಂದೆ. ಹಾಕಿದ ಕೂಡಲೇ ಎಲ್ಲ ಮನೆಗಳಲ್ಲೂ ಝರ್ ಎನ್ನತೊಡಗಿತು. ಎಳೆತ ಕಡಿಮೆಯಾದದ್ದಕ್ಕೆ ಕತ್ತು ಹಿಂದಕ್ಕೆ ಬಾಗಿತ್ತು. ಒಳಗಿನ ಸರಳನ್ನು ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು ಇನ್ನೊಂದಿಷ್ಟು ಸಡಿಲಿಸಿದ ಮೇಲೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಆ ಗೀರು. ಅಗಲವಾದ ಜಾಗದಲ್ಲಿ 95ರ ತಂತಿ ದೊಡ್ಡಣ್ಣನ ಚಪ್ಪಲಿ ಹಾಕಿಕೊಂಡ ಹುಡುಗನ ಹಾಗೆ ಆಚೀಚೆ ಆಡುತ್ತದೆ. ಬಿಟ್ಟು ಮೀಟಿದಾಗಲೆಲ್ಲ ಸಣ್ಣಗೆ ಗೊಣಗುತ್ತದೆ.

ಸದ್ದಿನ ಬಗ್ಗೆ ಸುಳ್ಳು ಹೇಳಲಾರೆ. ಆ ‘ಧಮ್’ ಇಲ್ಲ. ಸೇತುವೆಯ ಪಕ್ಕ ತಂತಿಯ ಕೆಳಗೆ ಪಾತ್ರೆ ತೊಳೆಯುವ ಸ್ಪಂಜಿನ ತುಂಡು ಸಿಕ್ಕಿಸಿದ್ದೇನೆ. ಹಿಂದೆ ಫೆಂಡರ್‌ನವರೇ ಅಲ್ಲಿ ಫೋಮ್ ಇಡುತ್ತಿದ್ದರು. ಖಣಖಣ ಸ್ವಲ್ಪ ತಗ್ಗುತ್ತದೆ. ಶನಿವಾರ ಗೆಳತಿ ಎರಡು ಹಾಡು ಹಾಡಿ, ಸ್ಪಂಜನ್ನು ನೋಡಿ ನಕ್ಕಳು. ಸದ್ದಿನ ಬಗ್ಗೆ ಏನೂ ಹೇಳಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನಾನು ನಿಲ್ಲಿಸಿ ಕೈ ಕೊಡವುತ್ತೇನೆ. ಆಗ ಅವರಿಬ್ಬರೂ ಚಹಾ ಕುಡಿಯುತ್ತಾರೆ.

ಹಳೆಯ ಸೆಟ್ಟು ಸುರುಳಿ ಸುತ್ತಿಕೊಂಡು ಡ್ರಾಯರಿನಲ್ಲಿದೆ, ಎರಡನೇ ಅಧ್ಯಾಯದ ಕರಡಿನ ಮೇಲೆ. ಕೆಳಗಿನ ಮಹಡಿಯ ಎಂ.ಎ. ಹುಡುಗ ಬೇಸು ಕೊಂಡಿದ್ದಾನೆ. ಗಟ್ಟಿ ಕೈಯವನು, ವಾಲಿಬಾಲ್ ಆಡುತ್ತಾನೆ. ಅವನ್ನು ಕೊಡುತ್ತೀರಾ ಎಂದು ಎರಡು ಸಲ ಕೇಳಿದ. ಕೊಡೋಣ ಅಂದಿದ್ದೇನೆ. ಇನ್ನೂ ಕೊಟ್ಟಿಲ್ಲ.